ಲೆಕ್ಕ ಸರಿಯಿದೆ, ಆದರೂ ಹೊಟ್ಟೆಯಲ್ಲಿ ತಳಮಳ: ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಕಡೆಯಿಂದ ಪ್ರಶ್ನೆ: ಈ ಸಲ ಅಡಿಕೆ ತೋಟ ಚೇಣಿಗೆ, ಅಂದರೆ ಮರದ ಮೇಲಿನ ಫಸಲನ್ನು ಗುತ್ತಿಗೆಗೆ, ಕೊಡೋಣ ಅಂತಿದ್ದೇವೆ. ಬಂದವರು ಹೇಳಿದ ರೇಟು ಚೆನ್ನಾಗಿದೆ. ನಮ್ಮ ಮನೆಯವರೂ ಒಪ್ಪಿದ್ದಾರೆ. ಆದರೆ ಅವರು ಬಂದು ಮಾತಿಗೆ ಕೂತಾಗಲೆಲ್ಲ ನನಗೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಕಾರಣ ಕೇಳಿದರೆ ಹೇಳಲು ಬರುವುದಿಲ್ಲ. ಇದು ಹೊಟ್ಟೆಗೇ ಯಾಕೆ ಗೊತ್ತಾಗುತ್ತದೆ? ನಂಬಬಹುದಾ?

ಸಾಗರದಿಂದ, ಜೀವಶಾಸ್ತ್ರ ಪಾಠ ಮಾಡುವವರು: ಅನ್ನನಾಳದಿಂದ ಹಿಡಿದು ಕರುಳಿನ ಕೊನೆಯವರೆಗೆ ಗೋಡೆಯೊಳಗೆ 10 ಕೋಟಿಗೂ ಜಾಸ್ತಿ ನರಕೋಶಗಳಿವೆ. ಅವು ಯೋಚನೆ ಮಾಡುವುದಿಲ್ಲ. ತಿಂದದ್ದನ್ನು ಅರೆದು ಮುಂದೆ ತಳ್ಳುವುದನ್ನು ನೋಡಿಕೊಳ್ಳುತ್ತವೆ. ಆದರೆ ವೇಗಸ್ ಎಂಬ ನರದ ಮೂಲಕ ಮೆದುಳಿಗೂ ಹೊಟ್ಟೆಗೂ ಸದಾ ಸಂಪರ್ಕ ಇರುತ್ತದೆ. ಆ ನರದ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಎಳೆಗಳು ಒಳಗಿನ ಅಂಗಗಳಿಂದ ಮೆದುಳಿಗೆ ಸುದ್ದಿ ಒಯ್ಯುವಂಥವು. ಏನೋ ಅಪಾಯ ಅನ್ನಿಸಿದ ತಕ್ಷಣ ಅಡ್ರಿನಲಿನ್ ಹರಿಯುತ್ತದೆ. ಹೊಟ್ಟೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಜಠರದ ಕೆಲಸ ನಿಧಾನವಾಗುತ್ತದೆ. ನಿಮಗೆ ಹಿಂಡಿದ ಹಾಗೆ ಆಗುವುದು ಇದರಿಂದಲೇ. ಅಂದರೆ ಗುರುತು ಹಿಡಿದದ್ದು ಮೆದುಳು. ಕಾರಣ ಬಾಯಿಗೆ ಬರುವ ಮೊದಲೇ ಮೈಗೆ ಸುದ್ದಿ ಮುಟ್ಟಿರುತ್ತದೆ.

ಅಮೆರಿಕದ ಅಯೋವಾದಲ್ಲಿ ಬೆಚಾರಾ, ಡಮಾಸಿಯೊ ಎಂಬ ಮೆದುಳಿನ ಸಂಶೋಧಕರು ಮತ್ತು ಜೊತೆಗಾರರು ಇಸ್ಪೀಟಿನ ಆಟದಲ್ಲಿ ಇದನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. ನಾಲ್ಕು ಕಟ್ಟುಗಳಲ್ಲಿ ಎರಡು ದೊಡ್ಡ ಲಾಭ ತೋರಿಸಿ ಕೊನೆಗೆ ಮುಳುಗಿಸುವಂಥವು. ಯಾವುದು ಕೆಟ್ಟದ್ದು ಎಂದು ಆಡುವವರು ಹೇಳುವ ಮೊದಲೇ, ಅತ್ತ ಕೈ ಚಾಚುವಾಗ ಅವರ ಅಂಗೈ ಬೆವರುತ್ತಿತ್ತು. ಅಷ್ಟು ಹೊತ್ತಿಗೆ ಅವರಿಗೆ ವಿಷಯ ಗೊತ್ತಾಗಿಯೇ ಇತ್ತು ಎಂದು ವಾದಿಸಿದ ಸಂಶೋಧಕರೂ ಇದ್ದಾರೆ, ಅದನ್ನೂ ಹೇಳಬೇಕು.

ಆಗುಂಬೆ ಘಾಟಿಯಲ್ಲಿ ಮಿನಿಬಸ್ ಓಡಿಸುವವರು: ಅಕ್ಕಾ, ಮಳೆಗಾಲದಲ್ಲಿ ಮಂಜು ಕವಿದಾಗ ಕೆಲವು ತಿರುವಿಗೆ ಮೊದಲೇ ನನಗೆ ಹೊಟ್ಟೆ ಚುರ್ ಅನ್ನುತ್ತದೆ, ಕಾಲು ಬ್ರೇಕಿನ ಮೇಲೆ ಹೋಗಿರುತ್ತದೆ. ಆಮೇಲೆ ನೆನೆಸಿಕೊಂಡರೆ ಕಾರಣ ಸಿಗುತ್ತದೆ. ಎದುರಿನ ಮರಕ್ಕೆ ಲೈಟು ಬಿದ್ದಿರುತ್ತದೆ, ಇಲ್ಲವೇ ರಸ್ತೆ ಪಕ್ಕದ ಧರೆಯಿಂದ ಇಳಿಯುವ ನೀರು ಕೆಂಪಾಗಿರುತ್ತದೆ. ಅದೇ ನನ್ನನ್ನು ಬೆಂಗಳೂರಿಗೆ ಸೈಟು ನೋಡಲು ಕರೆದುಕೊಂಡು ಹೋದರೆ, ನನ್ನ ತಳಮಳಕ್ಕೆ ಯಾವ ಬೆಲೆಯೂ ಇಲ್ಲ. ಅಲ್ಲಿ ನಾನು ಏನೂ ಕಂಡವನಲ್ಲ.

ಹೊಸನಗರದಿಂದ: ಎಲ್ಲ ತಳಮಳವೂ ಸೂಚನೆಯಲ್ಲ. ನನಗೆ ಆತಂಕದ ತೊಂದರೆ ಇದೆ, ಔಷಧಿ ತಗೊಳ್ಳುತ್ತೇನೆ. ಮಗಳ ಪರೀಕ್ಷೆಗೂ ಹೊಟ್ಟೆ ಹಿಂಡುತ್ತದೆ, ರಾತ್ರಿ ಫೋನ್ ಬಂದರೂ ಹಿಂಡುತ್ತದೆ. ಹಾಗಾಗಿ ನಾನು ನೋಡುವುದು ಇಷ್ಟೇ: ಎಲ್ಲರ ಮುಂದೆಯೂ ಹೀಗಾಗುತ್ತದಾ, ಇವರೊಬ್ಬರ ಮುಂದೆ ಮಾತ್ರವಾ? ಖಾಲಿ ಹೊಟ್ಟೆಗೆ ಕಾಫಿ ಕುಡಿದು ವ್ಯವಹಾರಕ್ಕೆ ಕೂರಬೇಡಿ.

ಕೊಪ್ಪ ಕಡೆಯ ಬೆಳೆಗಾರರು: ತೋಟದ ಲೆಕ್ಕ ವರ್ಷಗಟ್ಟಲೆ ನೀವೇ ನೋಡಿದ್ದರೆ, ನಿಮ್ಮ ಹೊಟ್ಟೆ ಸುಮ್ನೆ ಹಿಂಡುತ್ತಿಲ್ಲ. ಏನೋ ಕಣ್ಣಿಗೆ ಬಿದ್ದಿದೆ, ಅದನ್ನು ಹುಡುಕಿ. ಮುಂಗಡ ಎಷ್ಟು? ಉಳಿದ ದುಡ್ಡು ಯಾವ ಕೊಯ್ಲಿಗೆ? ಔಷಧಿ ಹೊಡೆಸುವವರು ಯಾರು? ಕೊಳೆ ರೋಗ ಬಂದು ಕಾಯಿ ಉದುರಿದರೆ ನಷ್ಟ ಯಾರದ್ದು? ಒಂದೊಂದನ್ನೇ ಬಾಯಿಬಿಟ್ಟು ಕೇಳಿ. ಎಲ್ಲಿ ಅವರು ಮಾತು ತೇಲಿಸುತ್ತಾರೋ ಅಲ್ಲೇ ನಿಲ್ಲಿಸಿ, ಮತ್ತೆ ಕೇಳಿ. ರೇಟು ಊರಿನ ಉಳಿದವರಿಗಿಂತ ತೀರಾ ಮೇಲಿದ್ದು, ಮುಂಗಡ ಮಾತ್ರ ಚೂರೇ ಚೂರು ಅಂದರೆ ನಾನಂತೂ ಕೊಡುವುದಿಲ್ಲ. ಯಾರಿಗೇ ಕೊಟ್ಟರೂ ಕರಾರು ಬರೆಸದೆ ಒಂದು ಅಡಿಕೆ ಕೊನೆಯನ್ನೂ ಇಳಿಸಲು ಬಿಡಬೇಡಿ.