ಸಮುದ್ರದ ಮೀನಿನ ಟ್ಯಾಂಕಿಗೆ ತಳದಲ್ಲಿ ಯಾವ ಮರಳು ಹಾಕೋದು?

ಕುಂದಾಪ್ರದವ:
ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಮೀನು ಸಾಕಿ ಅಭ್ಯಾಸ ಇದೆ, ಉಪ್ಪುನೀರಿನ ಟ್ಯಾಂಕ್ ಇದೇ ಮೊದಲು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಮನೆ ಬನಶಂಕರಿಯಲ್ಲಿ. ಒಂದು ಜೋಡಿ ಕ್ಲೌನ್ ಮೀನು, ಆಮೇಲೆ ಒಂದು ಹಳದಿ ರಾಸ್ ಮೀನು ಇಡೋ ಆಸೆ. ತಳಕ್ಕೆ ಏನು ಹಾಕ್ಬೇಕು ಅನ್ನೋದೇ ಬಗೆಹರೀತಿಲ್ಲ. ಅಂಗಡಿಯವರು ಕ್ರಶ್ಡ್ ಕೋರಲ್, ಅಂದ್ರೆ ಹವಳದ ಚೂರು, ಅಂತಾರೆ. ಆಫೀಸಲ್ಲೊಬ್ಬರು ಏನೂ ಬೇಡ, ಬರೀ ಗಾಜೇ ಇರಲಿ ಅಂತಾರೆ. ಊರಿಗೆ ಹೋದಾಗ ಮರವಂತೆಯಿಂದ ಒಂದು ಚೀಲ ಮರಳು ತಂದ್ರೆ ಆಗಲ್ವಾ? ಅದೂ ಸಮುದ್ರದ್ದೇ ತಾನೆ?

ಯಲಹಂಕ ರೀಫ್:
ಬರೀ ಗಾಜಿಗೇ ನನ್ನ ಓಟು. ಕ್ಲೌನ್‌ಗೆ ಮರಳು ಬೇಕೇ ಇಲ್ಲ. ಕಸ ಎಲ್ಲಿ ಕೂತಿದೆ ಅಂತ ಕಣ್ಣಿಗೆ ಕಾಣುತ್ತೆ, ಪೈಪ್ ಇಟ್ಟು ಎಳೆದ್ರೆ ಮುಗೀತು.

ಜಯನಗರ ಉಪ್ಪುನೀರು:
ಬರೀ ಕ್ಲೌನ್ ಆಗಿದ್ರೆ ನಾನೂ ಒಪ್ತಿದ್ದೆ. ಆದ್ರೆ ಇವರು ರಾಸ್ ಅಂದಿದ್ದಾರೆ, ಅಲ್ಲಿಗೆ ಲೆಕ್ಕ ಬದಲಾಯ್ತು. ಮರಳು ಆರಿಸೋದು ನಮ್ಮ ಕಣ್ಣಿಗಲ್ಲ, ಅದರೊಳಗೆ ಮಲಗೋ ಜೀವಕ್ಕೆ.

ನನ್ನ ಹತ್ರ ಇರೋ ಹಳದಿ ರಾಸ್ ಸಂಜೆ ದೀಪ ಆರೋಕೆ ಮುಂಚೆಯೇ ತನ್ನ ಮೂಲೆಗೆ ಬರುತ್ತೆ. ತಳದ ಹತ್ರ ಎರಡು ಸುತ್ತು ಹಾಕಿ, ಓರೆಯಾಗಿ, ತಲೆ ಮುಂದಿಟ್ಟು ಒಂದೇ ಏಟಿಗೆ ಮರಳಿನೊಳಗೆ ನುಗ್ಗುತ್ತೆ. ಬೆಳಿಗ್ಗೆ ಮೊದಲು ಮೂತಿ ಮಾತ್ರ ಹೊರಗೆ, ಸ್ವಲ್ಪ ಹೊತ್ತು ಬಿಟ್ಟು ಕಣ್ಣು. ಇಂಥ ಮೀನನ್ನು ಬರೀ ಗಾಜಿನ ಮೇಲೆ ಬಿಟ್ರೆ ರಾತ್ರಿ ಎಲ್ಲಿಗೆ ಹೋಗ್ಬೇಕು ಹೇಳಿ. ಕ್ರಶ್ಡ್ ಕೋರಲ್‌ನ ಚೂಪು ಅಂಚು ಮೈ ತರಚುತ್ತೆ, ಆ ದಪ್ಪ ಚೂರುಗಳ ಸಂದಿಲಿ ತಿಂದುಳಿದದ್ದೆಲ್ಲ ಸೇರಿ ಕೊಳೆಯುತ್ತೆ. ಇನ್ನೊಂದು ಮಾತು: ಚೀಲದ ಮೇಲೆ ಹೆಸರೂ ಇಲ್ಲ, ಎಲ್ಲಿಂದ ಬಂತು ಅಂತಲೂ ಇಲ್ಲ ಅಂದ್ರೆ ಹವಳದ ಚೂರು ಕೊಳ್ಳಲೇಬೇಡಿ. ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲಿನ ರಕ್ಷಣೆ ಇದೆ.

ಮರವಂತೆ ಮರಳು ಅಲ್ಲೇ ಇರಲಿ. ಆ ಕಡೆಯದು ಹೆಚ್ಚಾಗಿ ನದಿಗಳು ಘಟ್ಟದಿಂದ ಕೊಚ್ಚಿ ತಂದ ಬೆಣಚುಕಲ್ಲಿನ ಕಣ. ಬೆಣಚು ವಿಷವೇನಲ್ಲ, ಆದ್ರೆ ಅದರ ಜೊತೆ ಬರೋ ಸತ್ತ ಹುಳ, ದೋಣಿಯ ಎಣ್ಣೆ ನಿಮ್ಮ ಟ್ಯಾಂಕಿಗೆ ಬೇಡ. ನಿಮಗೆ ಬೇಕಾದ್ದು ಅರಗೊನೈಟ್, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅನುಮಾನ ಬಂದ್ರೆ ಒಂದು ಚಮಚ ಮರಳಿಗೆ ವಿನೆಗರ್ ಹಾಕಿ. ಬುರುಬುರು ನೊರೆ ಬಂದ್ರೆ ಕಾರ್ಬೊನೇಟ್, ಬೆಣಚು ಸುಮ್ಮನೆ ಕೂತಿರುತ್ತೆ. ಅರಗೊನೈಟ್ ಹಾಕಿದ ಮಾತ್ರಕ್ಕೆ ಪಿಎಚ್ ತಾನಾಗೇ ಸರಿ ಇರುತ್ತೆ ಅನ್ನೋದನ್ನ ಮಾತ್ರ ನಂಬಬೇಡಿ. ಪಿಎಚ್ 8ರ ಮೇಲಿರೋ ನೀರಲ್ಲಿ ಅದು ಕರಗೋದೇ ಅಪರೂಪ. ಆಲ್ಕಲಿನಿಟಿ, ಅಂದ್ರೆ ಪಿಎಚ್ ಇಳಿಯದಂತೆ ತಡೆಯೋ ನೀರಿನ ಶಕ್ತಿ, ನೀವೇ ಅಳೀತಿರಬೇಕು.

ಕಾಳಿನ ಗಾತ್ರ: ಚಿರೋಟಿ ರವೆಯಷ್ಟು ಸಣ್ಣಗಿದ್ರೆ ವೇವ್‌ಮೇಕರ್ (ನೀರಲ್ಲಿ ಅಲೆ ಎಬ್ಬಿಸೋ ಪಂಪು) ಹೊಡೆತಕ್ಕೆ ಎಲ್ಲಾ ಒಂದು ಮೂಲೆ ಸೇರುತ್ತೆ. ಬನ್ಸಿ ರವೆಯಷ್ಟು, ಹೆಚ್ಚುಕಮ್ಮಿ 1 ಮಿಲಿಮೀಟರ್ ಇರಲಿ. 5 ಸೆಂಟಿಮೀಟರ್ ದಪ್ಪ ಹಾಕಿ, ನಿಮ್ಮ ಅಳತೆಗೆ ಸುಮಾರು 30 ಕೆಜಿ ಆಗುತ್ತೆ. ಇನ್ನೂ ಆಳ ಮಾಡಿದ್ರೆ ಆಮ್ಲಜನಕ ಇಳಿಯದ ಕೆಳಪದರದಲ್ಲಿ, ಮೀನಿನ ಕಸದಿಂದ ಆಗೋ ನೈಟ್ರೇಟ್ ಕಳೆಯೋ ಬ್ಯಾಕ್ಟೀರಿಯಾ ಬೆಳೆಯೋದು ನಿಜ. ಆದ್ರೆ ಅಲ್ಲೇ ಹೈಡ್ರೋಜನ್ ಸಲ್ಫೈಡ್ ಅನ್ನೋ ವಿಷಾನಿಲ ಕೂಡ ಆಗಬಹುದು. ಮೊದಲ ಟ್ಯಾಂಕಿಗೆ ಆ ಸಾಹಸ ಬೇಡ.

ಕುಂದಾಪ್ರದವ:
ತುಂಬಾ ಉಪಕಾರ ಆಯ್ತು ಸರ್. ಮರಳನ್ನ ತೊಳೀಬೇಕಾ? ನಮ್ಮಲ್ಲಿ ಕಾವೇರಿ, ಬೋರ್‌ವೆಲ್ ಎರಡೂ ಬರುತ್ತೆ.

ಜಯನಗರ ಉಪ್ಪುನೀರು:
ಒಣ ಮರಳಾದ್ರೆ ಬಕೆಟ್ಟಲ್ಲಿ ನಲ್ಲಿ ನೀರಲ್ಲೇ ತೊಳೀರಿ, ಕೊನೆ ಸಲ ಮಾತ್ರ ಆರ್‌ಒ ನೀರಲ್ಲಿ. ಟ್ಯಾಂಕಿಗೆ ತುಂಬೋದಂತೂ ಆರ್‌ಒ ನೀರೇ ಇರಬೇಕು. ‘ಲೈವ್ ಸ್ಯಾಂಡ್’ ಅಂತ ಒದ್ದೆಯಾಗೇ ಬರೋ ಚೀಲ ತೊಳೀಬೇಡಿ, ಬ್ಯಾಕ್ಟೀರಿಯಾ ಹೋಗುತ್ತೆ.

ಮೊದಲು ಕಲ್ಲು ಗಾಜಿನ ಮೇಲೇ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ರೆ ಮೀನು ಅಡಿಗೆ ತೋಡಿದಾಗ ಕುಸಿದು ಬೀಳುತ್ತೆ. ಪಿವಿಸಿ ಪೈಪ್ ತಳಕ್ಕೆ ಇಳಿಸಿ ಅದರೊಳಗಿಂದ ಸುರಿದ್ರೆ ನೀರು ಅಷ್ಟು ಕದಡಲ್ಲ. ಶುರುವಿನ ವಾರಗಳಲ್ಲಿ ಮರಳಿನ ಮೇಲೆ ಕಂದು ಪದರ ಕಟ್ಟುತ್ತೆ, ಅದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಹೆದರಿ ಎಲ್ಲಾ ತೆಗೆದು ಹಾಕ್ಬೇಡಿ.

ರಾಸ್ ತರೋ ಮುಂಚೆ ಟ್ಯಾಂಕಿನ ಮೇಲೆ ಬಲೆಯ ಮುಚ್ಚಳ ಮಾಡಿಸಿಡಿ. ಬೆದರಿದ್ರೆ ಹಾರಿಬಿಡುತ್ತೆ.