‘ನಡೆಯಬಲ್ಲ ನಗರ’: ನಡೆಯುವುದು ಯಾರು?

ನಗರ ಯೋಜನೆಯ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವಾಕಬಲ್ ಸಿಟಿ’ ಎಂಬಲ್ಲಿ ಸಿಕ್ಕಿಹಾಕಿಕೊಂಡೆ. ‘ನಡೆಯಬಲ್ಲ ನಗರ’ ಎಂದು ಬರೆದಿದ್ದೆ. ಮರುದಿನ ಓದಿದರೆ ನನಗೇ ನಗು ಬಂತು. ‘ಬಲ್ಲ’ ಸೇರುವುದು ಕೆಲಸ ಮಾಡುವವರಿಗೆ. ‘ನಡೆಯಬಲ್ಲ ಮಗು’ ಎಂದರೆ ಮಗುವೇ ನಡೆಯುತ್ತದೆ. ಹಾಗಿದ್ದರೆ ಈ ನಗರವೂ ಎದ್ದು ಹೊರಡಬೇಕು, ಅಲ್ವಾ?

‘ನಡೆಯಬಹುದಾದ ನಗರ’ ಎನ್ನೋಣವೇ? ‘ನಡೆಯಬಹುದಾದ ಅನಾಹುತ’ ನೆನಪಾಗುತ್ತದೆ. ಅದೂ ಅಲ್ಲದೆ, ಜೀವ ಕೈಯಲ್ಲಿ ಹಿಡಿದುಕೊಂಡರೆ ಯಾವ ರಸ್ತೆಯಲ್ಲಾದರೂ ನಡೆಯಬಹುದು. ಮೂಲದ ಅರ್ಥ ಅದಲ್ಲ. ಅಗಲವಾದ ಫುಟ್‌ಪಾತ್, ನೆರಳು, ಓಡದೆ ದಾಟಬಹುದಾದ ರಸ್ತೆ, ಗಂಟೆಗೆ 30 ಕಿ.ಮೀ. ಮೀರದ ವಾಹನ, ಇಷ್ಟೂ ಅದರಲ್ಲಿವೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಆ 30ರ ಮಾತು. ಸದ್ಯಕ್ಕೆ ‘ನಡಿಗೆಗೆ ಹದವಾದ ನಗರ’ ಎಂದಿಟ್ಟಿದ್ದೇನೆ. ಬಿತ್ತನೆಗೆ ನೆಲ ಹದ ಮಾಡುತ್ತೇವಲ್ಲ, ಹಾಗೆ. ‘ನಡಿಗೆಸ್ನೇಹಿ’ ಮಾತ್ರ ಬೇಡ. ಸುಮ್ನೆ ಎಲ್ಲದಕ್ಕೂ ‘ಸ್ನೇಹಿ’ ಅಂಟಿಸಿ ಅಂಟಿಸಿ ಆ ಪದ ಸವೆದುಹೋಗಿದೆ.

ಇಲ್ಲಿ ಸೈಕಲ್ ಹೊರಗುಳಿಯಿತು. ನಡಿಗೆ, ಸೈಕಲ್ ಎರಡಕ್ಕೂ ಸೇರಿಸಿ ಮೂಲದಲ್ಲಿ ‘ಆಕ್ಟಿವ್ ಮೊಬಿಲಿಟಿ’ ಎಂದಿದೆ. ‘ಸಕ್ರಿಯ ಚಲನಶೀಲತೆ’ ಎಂದು ಬರೆದರೆ ಓದುವವರು ಪುಟ ತಿರುಗಿಸುತ್ತಾರೆ. ಕನ್ನಡದಲ್ಲಿ ಸೈಕಲ್ಲನ್ನು ತುಳಿಯುತ್ತೇವೆ. ನಡೆಯುವುದು, ತುಳಿಯುವುದು ಎರಡೂ ಕಾಲಿನ ಕೆಲಸವೇ. ‘ಕಾಲ್ಬಲದ ಓಡಾಟ’ ಎಂದರೆ ಹೇಗೆ? ಹಳೆಯ ಬಳಕೆಯಲ್ಲಿ ಕಾಲ್ಬಲ ಎಂದರೆ ಕಾಲಾಳುಗಳ ಸೈನ್ಯ. ರಸ್ತೆ ದಾಟುವವರ ಪಾಡು ನೋಡಿದರೆ ಅದೂ ಹೊಂದುತ್ತದೆ ಬಿಡಿ. ಆದರೆ ಗಾಲಿಕುರ್ಚಿಯನ್ನು ಕೈಯಿಂದ ತಿರುಗಿಸಿಕೊಂಡು ಹೋಗುವವರು ಇದರಲ್ಲಿ ಬರುವುದಿಲ್ಲ. ಅದೇ ತೊಡಕು.

ಸುಲಭವಾಗಿ ಸಿಕ್ಕಿದ ಪದ ಒಂದೇ. ಡಚ್ಚರ ‘ವೋನೆರ್ಫ್’ ಎಂಬ ಬಗೆಯ ವಸತಿ ಬೀದಿ 1976ರಲ್ಲಿ ನೆದರ್ಲೆಂಡ್ಸ್‌ನ ಸಂಚಾರ ನಿಯಮಕ್ಕೆ ಸೇರಿತು. ಅಲ್ಲಿ ಬೀದಿಯ ಪೂರ್ತಿ ಅಗಲ ನಡೆಯುವವರದು. ಮಕ್ಕಳು ಅಲ್ಲೇ ಆಡಬಹುದು. ಕಾರು ಗಂಟೆಗೆ 15 ಕಿ.ಮೀ. ಮೀರದೆ ಬರಬೇಕು. ‘ವೋನೆನ್’ ಎಂದರೆ ವಾಸಿಸುವುದು, ‘ಎರ್ಫ್’ ಎಂದರೆ ಮನೆಯ ಸುತ್ತಲಿನ ಜಾಗ. ನಾನು ‘ಅಂಗಳಬೀದಿ’ ಎಂದೆ. ಬೇರೆಯವರ ಅಂಗಳಕ್ಕೆ ಗಾಡಿ ತರುವವರು ನಿಧಾನ ಮಾಡಲೇಬೇಕು ಎನ್ನುವುದು ಪದದಲ್ಲೇ ಬಂತು.

ಇನ್ನು ‘ವಾಕಬಿಲಿಟಿ’, ಅಂದರೆ ಜಾಗ ನಡಿಗೆಗೆ ಎಷ್ಟು ಹದವಾಗಿದೆ ಎನ್ನುವುದು, ಉಳಿದಿದೆ. ‘ಈ ಬೀದಿಗೆ ನಡಿಗೆಹದ ಸಾಲದು’ ಎಂದು ಬರೆದರೆ ಹದ ಸಾಲದ್ದು ಬೀದಿಗೆ ಎಂದು ತಿಳಿಯುತ್ತದೆಯೇ, ನಡೆಯುವವರ ನಡಿಗೆಗೆ ಎಂದಾಗುತ್ತದೆಯೇ? ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?