ಕೆಲಸ ಬಿಟ್ಟು ಕನ್ಸಲ್ಟೆಂಟ್ ಆದರೆ ನನಗೆ ಒಗ್ಗುತ್ತಾ?

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪರ್ಚೇಸ್, ಕಾಸ್ಟಿಂಗ್ (ಯಾವುದಕ್ಕೆ ಎಷ್ಟು ಖರ್ಚು ಅನ್ನೋ ಲೆಕ್ಕ) ನೋಡಿಕೊಳ್ಳುತ್ತಿದ್ದೇನೆ. ಅಕ್ಕಪಕ್ಕದ ಸಣ್ಣ ಶೆಡ್‌ನವರು ಕೊಟೇಶನ್ ಹಾಕುವಾಗ ನನ್ನನ್ನೇ ಕೇಳುತ್ತಾರೆ, ಸುಮ್ನೆ ಹೇಳಿಕೊಡುತ್ತೇನೆ. ಇದನ್ನೇ ಸ್ವಂತ ಉದ್ಯೋಗ ಮಾಡಿಕೊಳ್ಳೋಣ ಅಂತ ಆಸೆ. ಮನೆ ಸಾಲದ ಕಂತು ಇದೆ, ದುಡ್ಡು ಕೇಳೋಕೆ ಸಂಕೋಚ ಬೇರೆ.

ಉತ್ತರ 1
ಕಂತಿಗಿಂತ ಆ ಸಂಕೋಚವೇ ದೊಡ್ಡ ತೊಡಕು ಸರ್. ಬಿಟ್ಟಿ ಕೇಳುವವರೆಲ್ಲ ಗಿರಾಕಿಗಳಲ್ಲ. ಮುಂದಿನ ಸಲ ಬಂದವರಿಗೆ, "ನಿಮ್ಮ ಲೇತ್, ಮಿಲ್ಲಿಂಗ್ ಮಷೀನ್ ಎಲ್ಲದಕ್ಕೂ ಗಂಟೆಗೆ ಎಷ್ಟು ಖರ್ಚು ಬೀಳುತ್ತೆ ಅಂತ ಕರೆಂಟು, ಟೂಲ್, ಸಂಬಳ, ಬಾಡಿಗೆ ಸೇರಿಸಿ ಶೀಟ್ ಮಾಡಿಕೊಡುತ್ತೇನೆ, ನನ್ನ ಫೀಸು ಇಷ್ಟಾಗುತ್ತೆ" ಅಂತ ಹೇಳಿ ನೋಡಿ. ಎಷ್ಟು ಜನ ಒಪ್ಪುತ್ತಾರೋ ಅದೇ ನಿಮ್ಮ ಉತ್ತರ. ಅದಕ್ಕೂ ಮೊದಲು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಓದಿ, ಹೊರಗಿನ ಕೆಲಸಕ್ಕೆ ತಡೆ ಇರಬಹುದು.

ಉತ್ತರ 2
ನಾನು ಇದೇ ಕೆಲಸದಲ್ಲಿದ್ದೇನೆ. ಸಲಹೆ ಕೊಡೋದು ಸುಲಭ, ಬಿಲ್ ವಸೂಲಿಗೇ ಜಾಸ್ತಿ ಓಡಾಟ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ನೋಂದಣಿ) ಮಾಡಿಸಿ. ಆಗ ಗಿರಾಕಿ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ಕೊಡದಿದ್ದರೆ ಇಂಥ ಬಾಕಿಗೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ದೂರು ಕೊಟ್ಟ ಮೇಲೆ ಆ ಗಿರಾಕಿ ಮತ್ತೆ ನಿಮ್ಮ ಕಡೆ ತಿರುಗಿಯೂ ನೋಡಲ್ಲ, ಅಲ್ವಾ? ಅದಕ್ಕೇ ನಾನು ಅರ್ಧ ಮುಂಗಡ ತಗೊಂಡೇ ಶುರು ಮಾಡೋದು. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ಉತ್ತರ 3
ಕಂಪನಿಯ ಪಿಎಫ್ ಇರಲ್ಲ, ಆರೋಗ್ಯ ವಿಮೆ ಎಲ್ಲ ಇನ್ಮೇಲೆ ನಿಮ್ಮ ಜೇಬಿಂದಲೇ. ಮನೆಯವರನ್ನು ಕೇಳಿದ್ರಾ?

ಪ್ರಶ್ನೆ ಕೇಳಿದವರು
ಇನ್ನೂ ಇಲ್ಲ. ಮುಂಗಡ ಅಂದ ತಕ್ಷಣ ಗಿರಾಕಿ ಓಡಿಹೋಗಲ್ವಾ ಸರ್?

ಉತ್ತರ 2
ಕೆಲವರು ಹೋಗುತ್ತಾರೆ. ಹೋಗಲಿ ಬಿಡಿ, ಅವರು ಆಮೇಲೂ ಕೊಡುವವರಲ್ಲ.